ವೈರಸ್ ಸೋಂಕಿನಿಂದ ಲಿಂಫೋಮಾ ಬರಬಹುದೇ?

ಬರಬಹುದು, ಆದರೆ ವೈರಸ್ ಒಂದರಿಂದಲೇ ಬರುವುದು ಅಪರೂಪ. ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹತೋಟಿ ತಪ್ಪಿ ಬೆಳೆಯುವ ಕ್ಯಾನ್ಸರ್. ಎಪ್‌ಸ್ಟೀನ್-ಬಾರ್ ವೈರಸ್ ಈ ಕಣಗಳಲ್ಲೇ, ಮುಖ್ಯವಾಗಿ ಪ್ರತಿಕಾಯಗಳನ್ನು ತಯಾರಿಸುವ ಬಿ ಕಣಗಳಲ್ಲಿ, ಜೀವನಪೂರ್ತಿ ಅಡಗಿ ಕೂರುತ್ತದೆ ಮತ್ತು ಅವು ಮತ್ತೆ ಮತ್ತೆ ವಿಭಜನೆಯಾಗುವಂತೆ ಪ್ರಚೋದಿಸಬಲ್ಲದು. ವಿಭಜನೆ ಹೆಚ್ಚಿದಷ್ಟೂ ಡಿಎನ್‌ಎಯಲ್ಲಿ ತಪ್ಪು ನುಸುಳುವ ಸಾಧ್ಯತೆ ಹೆಚ್ಚು.

ಉಗಾಂಡಾದ ಮಕ್ಕಳ ದವಡೆಯಲ್ಲಿ ವೇಗವಾಗಿ ಬೆಳೆಯುವ, ಲಿಂಫೋಮಾದ ಒಂದು ಬಗೆಯಾದ ಗೆಡ್ಡೆಗಳನ್ನು ಶಸ್ತ್ರಚಿಕಿತ್ಸಕ ಡೆನಿಸ್ ಬರ್ಕಿಟ್ 1958ರಲ್ಲಿ ವಿವರಿಸಿದರು. ಆ ಗೆಡ್ಡೆಯಿಂದ ಬೆಳೆಸಿದ ಜೀವಕೋಶಗಳಲ್ಲೇ 1964ರಲ್ಲಿ ಈ ವೈರಸ್ ಪತ್ತೆಯಾಯಿತು. ಈ ಗೆಡ್ಡೆಯ ಡಿಎನ್‌ಎಯಲ್ಲಿ ನಡೆಯುವ ತಪ್ಪು ಬಹಳ ನಿರ್ದಿಷ್ಟವಾದದ್ದು: 8ನೇ ಕ್ರೋಮೋಸೋಮಿನ ತುಂಡೊಂದು ಮುರಿದು, ಸಾಮಾನ್ಯವಾಗಿ 14ನೇ ಕ್ರೋಮೋಸೋಮಿಗೆ ಅಂಟಿಕೊಳ್ಳುತ್ತದೆ. ಇದರಿಂದ ಜೀವಕೋಶದ ಬೆಳವಣಿಗೆಯನ್ನು ನಡೆಸುವ ಮಿಕ್ ಎಂಬ ಜೀನ್, ಬಿ ಕಣಗಳಲ್ಲಿ ಸದಾ ಚುರುಕಾಗಿರುವ ಪ್ರತಿಕಾಯ ಜೀನಿನ ಪಕ್ಕಕ್ಕೆ ಬಂದು, ಆರಿಸಲಾಗದ ಸ್ವಿಚ್ಚಿನಂತಾಗುತ್ತದೆ. ಆ ಪ್ರದೇಶದಲ್ಲಿ ಪದೇ ಪದೇ ಬರುವ ಮಲೇರಿಯಾ ಒಂದೆಡೆ ಬಿ ಕಣಗಳನ್ನು ಕೆರಳಿಸಿ, ಇನ್ನೊಂದೆಡೆ ವೈರಸ್ಸನ್ನು ಹತೋಟಿಯಲ್ಲಿಡುವ ಟಿ ಕಣಗಳೆಂಬ ಇನ್ನೊಂದು ಬಗೆಯ ಲಿಂಫೋಸೈಟ್‌ಗಳನ್ನು ದುರ್ಬಲಗೊಳಿಸುತ್ತದೆ.

ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಯಲ್ಲಿ ಈ ವೈರಸ್ ಇದೆ, ಆದ್ದರಿಂದ ರಕ್ತ ಪರೀಕ್ಷೆಯಲ್ಲಿ ಅದರ ಗುರುತು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ರೋಗನಿರೋಧಕ ಶಕ್ತಿಯ ಕಾವಲು ಸಡಿಲವಾದಾಗಲೇ ಅಪಾಯ ಹೆಚ್ಚು. ಅಂಗಾಂಗ ಕಸಿಯ ನಂತರ ಇದೇ ವೈರಸ್ಸಿನಿಂದ ಗೆಡ್ಡೆ ಬಂದ ಕೆಲವರಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯ ಪ್ರಮಾಣವನ್ನು ವೈದ್ಯರು ಇಳಿಸಿದಾಗ ಗೆಡ್ಡೆಯೇ ಕರಗುವುದುಂಟು.