ಸಂಪಾದಕರ ಉತ್ತರ: ಮಾಡಿದವರು ಉಣ್ಣುವ ತನಕ ಕಾಯಬೇಕಾ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ವಿಷತ್ಯಾಜ್ಯ ಹೂತ ಜಾಗಗಳನ್ನು ಒಂದು ಸರ್ಕಾರಿ ನಿಧಿಯಿಂದ ಶುಚಿ ಮಾಡಿಸಲು ಅವಕಾಶ ಕೊಡುವ ಅಮೆರಿಕದ ಸೂಪರ್‌ಫಂಡ್ ಕಾನೂನಿನ ಬಗ್ಗೆ ಬಂದ ಲೇಖನ ನಿಮ್ಮನ್ನು ರೇಗಿಸಿದೆ. "ವಿಷ ಸುರಿದದ್ದು ಕಂಪನಿ, ತೊಳೆಯುವುದು ಸರ್ಕಾರ. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಬಿಟ್ಟು ಇದೇನು ಉಪಚಾರ?" ಅಂತ ಕೇಳಿದ್ದೀರಿ. ಕಾನೂನು ಬರುವ ಮೊದಲೇ ಸುರಿದದ್ದಕ್ಕೂ ದಂಡ ಕಟ್ಟಿಸುವುದು ನ್ಯಾಯವೇ ಅನ್ನುವುದು ನಿಮ್ಮ ಎರಡನೇ ಪ್ರಶ್ನೆ.

ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ಆ ಗಾದೆ ಇಲ್ಲಿ ಕೈಕೊಡುತ್ತದೆ. ವಿಷದ ವಿಷಯದಲ್ಲಿ ಮಾಡಿದವರು ಉಣ್ಣುವುದಿಲ್ಲ, ಅದರ ಮೇಲೆ ಮನೆ ಕಟ್ಟಿಕೊಂಡವರು ಉಣ್ಣುತ್ತಾರೆ.

ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್ ನೋಡಿ. 1942ರಿಂದ 1953ರ ತನಕ ಹೂಕರ್ ಕೆಮಿಕಲ್ ಕಂಪನಿ ಅಲ್ಲಿನ ಹಳೇ ಕಾಲುವೆಯಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿತು. ಆಮೇಲೆ ಆ ಜಾಗವನ್ನು 1 ಡಾಲರ್‌ಗೆ ಊರಿನ ಶಾಲಾ ಮಂಡಳಿಗೆ ಮಾರಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು. 1970ರ ದಶಕದಲ್ಲಿ ನೆಲಮಾಳಿಗೆಗಳಲ್ಲಿ ಕಪ್ಪು ಕೆಸರು ಜಿನುಗತೊಡಗಿತು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿ, ತನ್ನ ಮಗ ಅದೇ ಶಾಲೆಗೆ ಹೋಗಿ ಕಾಯಿಲೆ ಬೀಳುತ್ತಿದ್ದಾನೆ ಅಂತ ಮನೆಮನೆಗೆ ಹೋಗಿ ಜನರನ್ನು ಕೂಡಿಸಿದಳು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು.

ಕೇಂದ್ರ ಸರ್ಕಾರಕ್ಕೆ ತನ್ನ ಖರ್ಚಿನ ಬಾಬ್ತು ಆ ಕಂಪನಿಯ ಒಡೆಯರಿಂದ 12.9 ಕೋಟಿ ಡಾಲರ್ ಪರಿಹಾರ ಒಪ್ಪಂದ ಸಿಕ್ಕಿದ್ದು ಯಾವಾಗ ಗೊತ್ತೇ? 1995ರ ಕೊನೆಗೆ. ಹದಿನೇಳು ವರ್ಷ! ತುರ್ತುಸ್ಥಿತಿಯ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಹೈಸ್ಕೂಲು ಮುಗಿಸುವ ಹೊತ್ತು. ಕಂಪನಿ ಕಟ್ಟಲಿ ಅಂತ ಸುಮ್ನೆ ಕೂತಿದ್ದರೆ ಆ ಮಗು ಅದೇ ಕೆಸರಿನ ಪಕ್ಕ ಬೆಳೆಯಬೇಕಿತ್ತು, ಅಲ್ವಾ?

ಹೀಗೆ ಕಾಯುತ್ತಾ ಕೂರಬಾರದು ಅಂತಲೇ 1980ರ ಡಿಸೆಂಬರ್‌ನಲ್ಲಿ ಸೂಪರ್‌ಫಂಡ್ ಕಾನೂನು ಬಂದದ್ದು. ಪರಿಸರ ಸಂರಕ್ಷಣಾ ಸಂಸ್ಥೆ ಮೊದಲು ಕಂಪನಿಗೆ ಆದೇಶ ಕೊಡಬಹುದು. ಕೇಳದಿದ್ದರೆ ನಿಧಿಯಿಂದ ತಾನೇ ಶುಚಿ ಮಾಡಿಸಿ, ಆಮೇಲೆ ವಸೂಲಿಗೆ ಕೋರ್ಟಿಗೆ ಹೋಗಬಹುದು. ಸರಿಯಾದ ಕಾರಣವಿಲ್ಲದೆ ಆದೇಶ ಮೀರಿದವರ ಮೇಲೆ, ನಿಧಿಯಿಂದ ಆದ ಖರ್ಚಿನ ಮೂರು ಪಟ್ಟು ತನಕ ದಂಡ ಬೀಳಬಹುದು. ಇದು ಉಪಚಾರವಲ್ಲ. ತಡಮಾಡಿದಷ್ಟೂ ಕಂಪನಿಗೆ ಲಾಭ ಅನ್ನುವ ಲೆಕ್ಕವನ್ನೇ ತಲೆಕೆಳಗೆ ಮಾಡುವ ಉಪಾಯ.

ಹಾಗಾದರೆ ಸಿಟ್ಟು ಬರಬೇಕಾದ್ದು ಎಲ್ಲಿ? ನಿಧಿಯನ್ನು ತುಂಬಿಸುವವರು ಯಾರು ಅನ್ನುವ ಕಡೆ. ಶುರುವಿನಲ್ಲಿ ಕಚ್ಚಾ ತೈಲ ಮತ್ತು ರಾಸಾಯನಿಕಗಳ ಮೇಲಿನ ತೆರಿಗೆಯೇ ಅದರ ದೊಡ್ಡ ಮೂಲ. ಕಂಪನಿ ದಿವಾಳಿಯಾಗಿದ್ದರೂ, ವಾರಸುದಾರರೇ ಇಲ್ಲದಿದ್ದರೂ ಅದೇ ಉದ್ಯಮದ ದುಡ್ಡು ಇರುತ್ತಿತ್ತು. 1995ರ ಕೊನೆಗೆ ಆ ತೆರಿಗೆಯ ಅವಧಿ ಮುಗಿಯಿತು. ಸಂಸತ್ತು ಮುಂದುವರಿಸಲಿಲ್ಲ. ಕೂಡಿಟ್ಟದ್ದು 2003ರ ಹೊತ್ತಿಗೆ ಕರಗಿತು. ಆಮೇಲೆ ಮುಖ್ಯವಾಗಿ ಸಾಮಾನ್ಯ ಜನರ ತೆರಿಗೆಯಿಂದಲೇ ಕೆಲಸ ನಡೆಯಬೇಕಾಯಿತು. ನೀವು ಹೇಳುವ ಅನ್ಯಾಯ ನಿಜಕ್ಕೂ ಆದದ್ದು ಆಗ. ರಾಸಾಯನಿಕಗಳ ತೆರಿಗೆ 2022ರ ಜುಲೈನಲ್ಲಿ, ಕಚ್ಚಾ ತೈಲದ್ದು ಬ್ಯಾರೆಲ್‌ಗೆ 16.4 ಸೆಂಟ್‌ನಂತೆ 2023ರ ಜನವರಿಯಲ್ಲಿ ಮರಳಿ ಬಂದವು. ಕಾಲು ಶತಮಾನಕ್ಕೂ ಜಾಸ್ತಿ ಕಾಲ ಅದನ್ನು ಬಿಟ್ಟುಕೊಟ್ಟದ್ದು ನನಗೆ ಈಗಲೂ ನೋವಿನ ವಿಷಯ.

ಶುಚಿ ಮಾಡುವುದು ಅಂದರೆ ವಿಷ ಮಾಯವಾಗುವುದು ಅಂತಲೂ ಅಲ್ಲ. ಲವ್ ಕೆನಾಲ್ ಜಾಗ 2004ರಲ್ಲಿ ರಾಷ್ಟ್ರೀಯ ಆದ್ಯತಾ ಪಟ್ಟಿಯಿಂದ, ಅಂದರೆ ಮೊದಲು ಶುಚಿ ಮಾಡಬೇಕಾದ ಜಾಗಗಳ ಪಟ್ಟಿಯಿಂದ, ಹೊರಬಂತು, ಆದರೆ ತ್ಯಾಜ್ಯ ಇನ್ನೂ ಅಲ್ಲೇ ಜೇಡಿಮಣ್ಣಿನ ಹೊದಿಕೆಯಡಿ ಇದೆ. ಬಸಿದು ಬರುವ ನೀರನ್ನು ಹಿಡಿದು ಶುದ್ಧ ಮಾಡುತ್ತಲೇ ಇರಬೇಕು.

ಇನ್ನು ಎರಡನೇ ಪ್ರಶ್ನೆ. ಆಗ ಕಾನೂನು ಇರಲಿಲ್ಲ, ನಿಜ. ಆದರೆ ಗೊತ್ತಿರಲಿಲ್ಲ ಅಂತ ಹೇಳಲಾಗದು. 1 ಡಾಲರ್‌ನ ಆ ಕ್ರಯಪತ್ರದಲ್ಲೇ ಹೂಕರ್ ಕಂಪನಿ ಬರೆಸಿತ್ತು: ಇಲ್ಲಿ ರಾಸಾಯನಿಕ ತ್ಯಾಜ್ಯ ಹೂತಿದೆ, ಮುಂದೆ ಯಾರಿಗೆ ಏನೇ ಆದರೂ ನಾವು ಹೊಣೆಯಲ್ಲ.

— ಸಂಪಾದಕ