ಬಾಗಿನದ ಜೊತೆ ಬಂದ ಬಿಡುಗಡೆ ಪತ್ರ

ಓದುಗರ ಪತ್ರ: "ನಾವು ಇಬ್ಬರು ಅಕ್ಕತಂಗಿಯರು, ಇಬ್ಬರು ತಮ್ಮಂದಿರು. ನನ್ನ ಮದುವೆ 1993ರಲ್ಲಿ ಆಯಿತು, ತಂಗಿಯದು 1996ರಲ್ಲಿ. ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂತು. ತಾತನ ಕಾಲದಿಂದ ಬಂದ ಮೂರೂವರೆ ಎಕರೆ ತೆಂಗಿನ ತೋಟ ಇದೆ. ಗೌರಿ ಹಬ್ಬಕ್ಕೆ ಬಂದಾಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗಿ ಅಂತ ತಮ್ಮಂದಿರು ಕೇಳುತ್ತಿದ್ದಾರೆ. 94ಕ್ಕೆ ಮುಂಚೆ ಮದುವೆಯಾದವರಿಗೆ ಹಕ್ಕೇ ಇಲ್ಲ, ಸುಮ್ನೆ ದಾಖಲೆಗೆ ಒಂದು ಸಹಿ ಅನ್ನುತ್ತಾರೆ. ಕಾನೂನು ಒಂದು ಹೇಳುತ್ತೆ, ಊರು ಒಂದು ಹೇಳುತ್ತೆ, ನನ್ನ ಮನಸ್ಸು ಇನ್ನೊಂದು. ನಾನು ಯಾವುದಕ್ಕೆ ತಲೆಬಾಗಬೇಕು? ಅಮ್ಮ ಏನೂ ಹೇಳುತ್ತಿಲ್ಲ."
– ಹೆಸರು ಬೇಡ ಎಂದಿರುವ ಓದುಗರು, ತಿಪಟೂರು ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಸಾಲನ್ನು ನಾಲ್ಕೈದು ಸಲ ಓದಿದೆ. ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಯಾಕೆಂದರೆ ಅದರಲ್ಲಿ ನಿಮಗೆ ಹಳೇ ಲೆಕ್ಕ ಹೇಳಿದ್ದಾರೆ.

94ರ ಮಾತು ಪೂರ್ತಿ ಸುಳ್ಳಲ್ಲ. ಹುಟ್ಟಿನಿಂದಲೇ ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. ಅಂದರೆ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನೀವಿಬ್ಬರೂ ಕಾನೂನಿನ ಕಣ್ಣಿಗೆ ಬೇರೆಬೇರೆ. ತಂಗಿ ಒಳಗೆ, ನೀವು ಹೊರಗೆ. ಲಗ್ನಪತ್ರಿಕೆಯ ತಾರೀಕು ನೋಡಿ ಮಗಳು ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಿದ ಹಾಗಾಯಿತು.

ಆ ಅನ್ಯಾಯ 2005ರಲ್ಲಿ ಹೋಯಿತು. ಆ ವರ್ಷ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ತಾರೀಕನ್ನು ಕೇಳುವುದೇ ಇಲ್ಲ. ಇದ್ದ ಅನುಮಾನಗಳನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಆದ ವಿಭಾಗ ಪತ್ರ ಇದ್ದರೆ, ಇಲ್ಲವೇ ಕೋರ್ಟಿನ ಡಿಕ್ರಿಯಿಂದ ಭಾಗವಾಗಿದ್ದರೆ ಮಾತು ಬೇರೆ. "ಅಪ್ಪ ಆಗಲೇ ಬಾಯಿಮಾತಲ್ಲಿ ಭಾಗ ಮಾಡಿದ್ದರು" ಅನ್ನುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಿಮಗೆ ಹಕ್ಕೇ ಇಲ್ಲದಿದ್ದರೆ ಬಿಡುಗಡೆ ಪತ್ರ ಯಾಕೆ ಬೇಕಿತ್ತು, ಅಲ್ವಾ? ಇಲ್ಲದ್ದನ್ನು ಬಿಡಿ ಅಂತ ಯಾರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುವುದಿಲ್ಲ.

ಇನ್ನು ಊರಿನ ಕಟ್ಟಳೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅನ್ನುತ್ತಾರೆ. ಹಿಂದಿನಿಂದ ಬಂದದ್ದು, ಮುರಿಯಬಾರದು ಅನ್ನುತ್ತಾರೆ. ಯಾವ ಹಿಂದಿನಿಂದ, ಎಷ್ಟು ಹಿಂದಿನಿಂದ ಅಂತ ಕೇಳಬೇಕು ಅನ್ನಿಸುತ್ತದೆ ನನಗೆ. ಮಗ ಹುಟ್ಟಿದ ಕೂಡಲೇ ಪಿತ್ರಾರ್ಜಿತಕ್ಕೆ ಹಕ್ಕುದಾರ ಅನ್ನುವ ನಿಯಮ ದೇಶದ ಹೆಚ್ಚಿನ ಭಾಗದಲ್ಲಿ ನಿಂತದ್ದು ಮಿತಾಕ್ಷರ ಅನ್ನುವ ಧರ್ಮಶಾಸ್ತ್ರ ಗ್ರಂಥದ ಆಧಾರದ ಮೇಲೆ. ಅದನ್ನು ಬರೆದ ವಿಜ್ಞಾನೇಶ್ವರ ನಮ್ಮ ನೆಲದವರೇ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ ಕೂತು ಬರೆದರು. ಬಂಗಾಳದವರು ಜೀಮೂತವಾಹನ ಬರೆದ ದಾಯಭಾಗ ಅನ್ನುವ ಬೇರೆ ಗ್ರಂಥ ಹಿಡಿದರು. ಅಲ್ಲಿ ತಂದೆ ಬದುಕಿರುವಾಗ ಮಗನಿಗೂ ಹುಟ್ಟಿನ ಹಕ್ಕಿಲ್ಲ.

ಅಷ್ಟು ದೂರ ಯಾಕೆ? ನಿಮ್ಮೂರಿಂದ ಹಾಸನ ದಾಟಿ ಶಿರಾಡಿ ಘಾಟಿ ಇಳಿದರೆ ತುಳುನಾಡು. ಅಲ್ಲಿ ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಸಂತತಿಯಲ್ಲಿ. ಯಜಮಾನನ ಮಕ್ಕಳಿಗಲ್ಲ, ಅವನ ಅಕ್ಕತಂಗಿಯರ ಮಕ್ಕಳಿಗೆ. ಮದ್ರಾಸ್ ಸರ್ಕಾರ 1949ರಲ್ಲಿ ಅದಕ್ಕೊಂದು ಕಾಯ್ದೆಯನ್ನೇ ಮಾಡಿತ್ತು. ಮಗಳಿಗೆ ಕೊಟ್ಟರೆ ಮನೆತನ ಮುಳುಗುತ್ತದೆ ಅನ್ನುವ ಮಾತಿಗೆ ಅಲ್ಲಿನ ಗುತ್ತಿನ ಮನೆಗಳೇ, ಅಂದರೆ ಹಳೇ ದೊಡ್ಡ ಮನೆತನಗಳೇ ಉತ್ತರ. ಇವತ್ತಿಗೂ ಒಂದೇ ಬೀದಿಯಲ್ಲಿ ಮನೆಗೊಂದು ಕಾಯ್ದೆ. ಕ್ರೈಸ್ತರ ಮನೆಯಲ್ಲಿ 1925ರ ಉತ್ತರಾಧಿಕಾರ ಕಾಯ್ದೆಯಂತೆ ಮಗ ಮಗಳಿಗೆ ಸಮಪಾಲು. ಮುಸ್ಲಿಮರಲ್ಲಿ ಮಗನಿಗೆ ಸಿಗುವುದರ ಅರ್ಧ ಮಗಳಿಗೆ.

ನಿಮ್ಮ ಸೀಮೆಯೂ ಸುಮ್ಮನೆ ಕೂತಿರಲಿಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. ಭಾಗವಾಗುವಾಗ ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ಕಾಲುಭಾಗ. ಇವತ್ತಿಗೆ ಕಡಿಮೆ ಅನ್ನಿಸುತ್ತದೆ. ಆಗ ಅದನ್ನೂ ಕೊಡುವವರಿರಲಿಲ್ಲ. ಆಮೇಲೆ ದೇಶಕ್ಕೆಲ್ಲ ಒಂದೇ ಹಿಂದೂ ಕಾನೂನಿನ ಕರಡು ಮಾಡಲು ಕೂತ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್. ಆ ಹಿಂದೂ ಕೋಡ್ ಬಿಲ್ ಸಂಸತ್ತಿನಲ್ಲಿ ನಿಂತುಹೋದಾಗ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ರಾಜೀನಾಮೆಗೆ ಅವರು ಕೊಟ್ಟ ದೊಡ್ಡ ಕಾರಣಗಳಲ್ಲಿ ಅದೂ ಒಂದು. ನೀವು ಸಹಿ ಹಾಕಿ ಬಿಡಬೇಕು ಅನ್ನುತ್ತಿರುವ ಪಾಲಿಗೆ ಇಷ್ಟು ಹಿನ್ನೆಲೆ ಇದೆ. ಅದು ಗೊತ್ತಿರಲಿ ಅಂತ ಇಷ್ಟು ಬರೆದೆ.

ಈಗ ಮನಸ್ಸಿನ ಮಾತು. ಇಲ್ಲಿ ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು.

ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಸೋದರತ್ತೆ ಇಂಥದ್ದೇ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ನಾನೂ ಜೊತೆಗೆ ಹೋಗಿದ್ದೆ. ಪತ್ರವನ್ನು ಯಾರೂ ಅವರಿಗೆ ಓದಿ ಹೇಳಲಿಲ್ಲ. ಹೆಬ್ಬೆರಳಿಗೆ ಹತ್ತಿದ ಶಾಯಿಯನ್ನು ಸೆರಗಿಗೆ ಒರೆಸಿಕೊಂಡರೆ ಹೊಸ ಸೀರೆ ಹಾಳಾಗುತ್ತದೆ ಅಂತ ಅವರು ಬೆಂಚಿನ ಅಡಿಗೆ ಉಜ್ಜಿದರು. ಆ ಸೀರೆ ನಮ್ಮಪ್ಪ ಅವತ್ತಿಗೇ ತಂದುಕೊಟ್ಟದ್ದು. ಜೊತೆಗೆ ಅರಿಶಿನ ಕುಂಕುಮಕ್ಕೆ ಅಂತ ಎರಡು ಸಾವಿರ ರೂಪಾಯಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಖುಷಿಯಾಗಿಯೇ ಇದ್ದರು. ತವರು ಉಳಿಯಿತು ಅಂತ ಅವರ ಲೆಕ್ಕ.

ಹತ್ತು ವರ್ಷದ ಮೇಲೆ ಗಂಡ ತೀರಿಕೊಂಡು, ಮಗನ ಮನೆಯಲ್ಲಿ ಹೊಂದದೆ ತವರಿಗೆ ಬಂದರು. ಒಂದು ದಿನ ಬೆಳಗ್ಗೆ ತೋಟದಿಂದ ಬಂದು ಬಾಗಿಲಲ್ಲೇ ನಿಂತು ನಮ್ಮಮ್ಮನನ್ನು ಕೇಳಿದರು: "ಅತ್ತಿಗೆ, ಬಿದ್ದಿರೋ ಕಾಯಿ ಒಂದು ತಗೊಳ್ಳಲಾ?" ಅವರಪ್ಪ ನೆಟ್ಟ ಮರ. ಚಿಕ್ಕವರಿದ್ದಾಗ ಅವರೇ ಕೊಡದಲ್ಲಿ ನೀರು ಹೊತ್ತು ಹಾಕಿದ ಮರ. ಅಮ್ಮ "ಅದೇನು ಕೇಳೋದು" ಅಂದರು. ಆದರೆ ಕೇಳುವ ಹಾಗಾಗಿತ್ತಲ್ಲ. ಆ ಪತ್ರದಿಂದ ಬಂದ ನೆಲದ ದುಡ್ಡಲ್ಲೇ ನನ್ನ ಓದು ಮುಗಿಯಿತು. ಅದನ್ನು ನಾನು ಮರೆತಿಲ್ಲ.

ಅತ್ತೆ ಪ್ರೀತಿಯಿಂದ ಬಿಟ್ಟುಕೊಟ್ಟರು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ತನ್ನ ಪಾಲು ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಅಂತ ಅವರಿಗೆ ಗೊತ್ತಿದ್ದು, ಬೇಡ ಅಂದಿದ್ದರೆ ಅದು ಕೊಟ್ಟ ಹಾಗೆ. ಗೊತ್ತೇ ಇಲ್ಲದೆ ಒತ್ತಿದ ಹೆಬ್ಬೆಟ್ಟು ಕೊಟ್ಟದ್ದಲ್ಲ, ತೆಗೆದುಕೊಂಡದ್ದು.

ನಿಮ್ಮ ತಮ್ಮಂದಿರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಹೊತ್ತು ತಿರುಗಿದವರು ಅವರಿರಬಹುದು. ಬೋರ್‌ವೆಲ್ ಸಾಲ, ನುಸಿ ಬಿದ್ದ ವರ್ಷದ ನಷ್ಟ ಎಲ್ಲ ಅವರ ತಲೆ ಮೇಲೇ ಬಿದ್ದಿರಬಹುದು. ಕಾನೂನು ಪಾಲು ಹಾಕುವಾಗ ಅದನ್ನೆಲ್ಲ ಅಷ್ಟಾಗಿ ನೋಡುವುದಿಲ್ಲ. ನೀವು ನೋಡಬೇಕು. ನಾಲ್ವರೂ ಕೂತು ಖರ್ಚು, ಸಾಲ ಎಲ್ಲ ಬರೆದು, ಆಮೇಲೆ ನಿಮ್ಮ ಪಾಲಿನಲ್ಲಿ ಒಂದಷ್ಟನ್ನು ತಮ್ಮಂದಿರಿಗೆ ಬಿಟ್ಟರೆ ಅದರಲ್ಲಿ ತಪ್ಪಿಲ್ಲ. ಪೂರ್ತಿ ಬಿಟ್ಟರೂ ಅದು ನಿಮ್ಮಿಷ್ಟ. ಆದರೆ ಹಬ್ಬದ ದಿನ, ಬಾಗಿನದ ಮೊರದ ಪಕ್ಕ ಸ್ಟಾಂಪ್ ಪೇಪರ್ ಇಟ್ಟುಕೊಂಡು ಬೇಡ.

ಅದಕ್ಕೂ ಮುಂಚೆ ಪಹಣಿ ತೆಗೆಸಿ ನೋಡಿ. ವಂಶವೃಕ್ಷದಲ್ಲಿ ನಿಮ್ಮಿಬ್ಬರ ಹೆಸರು ಇದೆಯಾ ನೋಡಿ. ಎಷ್ಟೋ ಕಡೆ ಹೆಣ್ಣುಮಕ್ಕಳನ್ನು ಬಿಟ್ಟೇ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿರುತ್ತಾರೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೋರ್ಟಿಗೆ ಹೋಗಲೇಬೇಕು ಅಂತಿಲ್ಲ. ಆ ಪತ್ರವನ್ನು ಅವರಿಂದ ಓದಿಸಿಕೊಂಡರೂ ಸಾಕು.

ಇನ್ನು ಅಮ್ಮ. ನಿಮ್ಮ ತಂದೆ ವಿಲ್ ಬರೆದಿಲ್ಲದಿದ್ದರೆ ಅವರ ಪಾಲಿನಲ್ಲಿ ನಾಲ್ಕು ಮಕ್ಕಳ ಜೊತೆ ಹೆಂಡತಿಗೂ ಸಮಭಾಗ ಇದೆ. 1956ರ ಕಾಯ್ದೆಯಿಂದಲೇ ಇದೆ. ನಿಮ್ಮ ಇಡೀ ಪತ್ರದಲ್ಲಿ ಅಮ್ಮನ ಪಾಲಿನ ಮಾತು ಒಂದು ಕಡೆಯೂ ಇಲ್ಲ. ತಮ್ಮಂದಿರೂ ಕೇಳಿದ ಹಾಗೆ ಕಾಣಲಿಲ್ಲ. ಏನು ಹೇಳಿದರೂ ಮಕ್ಕಳಲ್ಲಿ ಒಬ್ಬರ ಕಡೆ ಸೇರಿದ ಹಾಗಾಗುತ್ತದೆ ಅಂತ ಅವರು ಬಾಯಿ ಮುಚ್ಚಿಕೊಂಡಿರಬಹುದು.

ಈ ಸಲ ಹಬ್ಬಕ್ಕೆ ಎರಡು ದಿನ ಮೊದಲೇ ಹೋಗಿ. ತಂಗಿಯನ್ನೂ ಕರೆದುಕೊಂಡು ಹೋಗಿ. ತಮ್ಮಂದಿರು ತೋಟಕ್ಕೆ ಹೋದ ಹೊತ್ತಿನಲ್ಲಿ ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು, ನಿನಗೆ ಏನು ಬೇಕಮ್ಮ ಅಂತ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.