ಟ್ರೇನರ್ ವಿಮಾನದ ಹೊಟ್ಟಿಗೆ ಹತ್ತಿದ ಎಣ್ಣಿ, ಗ್ರೀಸ್ ತೆಗೀಲಿಕ್ಕ ಪೆಟ್ರೋಲ್ ನಡೀತದೇನು?

ನಡೆಯಂಗಿಲ್ರಿ. ನೀವು ಕೇಳಿದ್ದು ಇಷ್ಟು, ಹ್ಯಾಂಗರ್‌ನಾಗ ಹೊಸದಾಗಿ ಹೆಲ್ಪರ್ ಅಂತ ಸೇರೀರಿ, ಸೆಸ್ನಾ 172 ಹೊಟ್ಟಿ ಕೆಳಗ ಕರ್ರಗ ಜಿಡ್ಡು ಹತ್ತ್ಯದ, ಒಬ್ರು ಪೆಟ್ರೋಲ್ ಹಚ್ಚಿ ಒರಸು ಅಂತಾರ, ಇನ್ನೊಬ್ರು ಪಾತ್ರಿ ತಿಕ್ಕೋ ಪೌಡರ್ ಅಂತಾರ, ಯಾವುದು ಖರೆ? ಎರಡೂ ಬ್ಯಾಡ. ನಾನೂ ಕಲಬುರಗಿಯಾಂವನೇ, ಸಣ್ಣ ವಿಮಾನದ ಮೇಂಟೆನೆನ್ಸ್ ಕೆಲಸದಾಗೇ ಇದ್ದೀನಿ, ಅದಕ್ಕ ಜರಾ ಉದ್ದ ಬರೀತೀನಿ. ಎಣ್ಣಿ ತೆಗೆಯೋದು ದೊಡ್ಡ ವಿದ್ಯಾ ಅಲ್ರಿ, ಎಣ್ಣಿ ಜೋಡಿ ಹೋಗಬಾರದ್ದು ಏನೇನು ಹೋಗ್ತದ ಅನ್ನೋದು ನೋಡಬೇಕು, ತ್ರಾಸು ಎಲ್ಲಾ ಅಲ್ಲೇ ಅದ.

ಮೊದಲ ಪೆಟ್ರೋಲ್ ಮಾತು. ಪೆಟ್ರೋಲ್ ಆವಿಗೆ ಬೆಂಕಿ ಹತ್ತಲಿಕ್ಕ ಬಿಸಿಲೂ ಬೇಕಾಗಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗ ಇದ್ರೂ ಸಾಕು, ಒಣ ಅರಿವಿ ತಿಕ್ಕಿದಾಗ ಬರೋ ಸಣ್ಣ ಸ್ಟ್ಯಾಟಿಕ್ ಕಿಡಿಯೂ ಭಾರಿ ಆಗ್ತದ. ಸೆಸ್ನಾ ಕಂಪನಿ ತನ್ನ ಪುಸ್ತಕದಾಗ ಸಾಬೂನ ನೀರಿಗೆ ಹೋಗಲಾರದ ಎಣ್ಣಿ ಗ್ರೀಸಿಗೆ ಸ್ಟಾಡರ್ಡ್ ಸಾಲ್ವೆಂಟ್ ಹೇಳ್ತದ, ಅದೂ ಸುರಿಯೋದಲ್ಲ, ಅರಿವಿ ಒದ್ದಿ ಮಾಡ್ಕೊಂಡು ಒರಸೋದು. ನಮ್ಮ ಕಡೆ ಪೇಂಟ್ ಅಂಗಡಿಯಾಗ ಸಿಗೋ ಮಿನರಲ್ ಟರ್ಪೆಂಟೈನ್ ಅದರ ಹತ್ತಿರದ ಜಾತಿ, ಆದ್ರ ಡಬ್ಬಿ ಒಯ್ದು ನಿಮ್ಮ ಎಎಂಇ (ವಿಮಾನದ ಮೇಂಟೆನೆನ್ಸ್ ಇಂಜಿನಿಯರ್) ಸಾಹೇಬ್ರಿಗೆ ತೋರಿಸಿ ಅವರು ಹ್ಞೂಂ ಅಂದ ಮ್ಯಾಲಷ್ಟೇ ಮುಟ್ರಿ.

ಇಲ್ಲೊಂದು ಮಾತು ನಮ್ಮ ಊರಿನವ್ರು ತಲಿಯಾಗ ಇಟ್ಕೋಬೇಕು. ಈ ಸಾಲ್ವೆಂಟಿನ ಫ್ಲ್ಯಾಶ್ ಪಾಯಿಂಟ್ ಸುಮಾರು 38 ಡಿಗ್ರಿ, ಅಂದ್ರ ಅಷ್ಟು ಬಿಸಿ ಆದ್ರ ಅದರ ಆವಿಗೆ ಕಿಡಿ ತಾಗಿದ್ರ ಹತ್ಕೋತದ. ತಂಪ ದೇಶದಾಗ ಅದು ಸೇಫ್, ನಮ್ಮಲ್ಲಿ ಮೇ ತಿಂಗಳದಾಗ ಗಾಳಿನೇ 40 ದಾಟಿರ್ತದ, ಬಿಸಿಲಾಗ ನಿಂತ ವಿಮಾನದ ತಗಡು ಅಂತೂ ಕೈ ಇಡಾಕ ಆಗಂಗಿಲ್ಲ, ಅದರ ಮ್ಯಾಲ ಸಾಲ್ವೆಂಟ್ ಹಚ್ಚಿದ್ರ ಪೆಟ್ರೋಲ್ ಮಾಡೋ ಕೆಲಸ ಇದೂ ಮಾಡ್ತದ. ಅದಕ್ಕ ಮುಂಜಾನಿ ಬಿಸಿಲು ಏರೋ ಮೊದಲು ಮಾಡ್ರಿ, ಹ್ಯಾಂಗರ್ ಬಾಗಲಾ ಪೂರಾ ತೆಗೀರಿ, ಮಾಸ್ಟರ್ ಸ್ವಿಚ್ ಆಫ್, ಇಗ್ನಿಶನ್ ಚಾವಿ ಹೊರಗ, ಅರ್ಥಿಂಗ್ ವೈರ್ ಹಚ್ಚಿರಬೇಕು, ಅರಿವಿ ಪಕ್ಕಾ ಕಾಟನ್ ಇರಬೇಕು. ಸುಪರ್ ಮಾರ್ಕೆಟ್ ಕಡೆ ಕಿಲೋ ಲೆಕ್ಕದಾಗ ಬನಿಯನ್ ವೇಸ್ಟ್ ತರ್ತಾರಲ್ಲ, ಅದರಾಗ ಪಾಲಿಸ್ಟರ್ ತುಂಡು ಕಲಸಿರ್ತಾರ, ಆರಿಸಿ ತೆಗೀರಿ. ಒರಸಿದ ಎಣ್ಣಿ ಅರಿವಿ ಮೂಲ್ಯಾಗ ಗುಡ್ಡಿ ಹಾಕಬ್ಯಾಡ್ರಿ, ಮುಚ್ಚಳಾ ಇರೋ ತಗಡಿನ ಡಬ್ಬಿಗೆ ಹಾಕ್ರಿ.

ಪಾತ್ರಿ ಪೌಡರ್ ಯಾಕ ಬ್ಯಾಡ ಅಂದ್ರ, ಜರ್ಮನ್ ಬೋಗುಣಿಯಾಗ ವಾಶಿಂಗ್ ಸೋಡಾ ಹಾಕಿ ಕುದಿಸಿ ನೋಡ್ರಿ, ಕರ್ರಗ ಆಗ್ತದ. ವಿಮಾನದ ಮೈನೂ ಅಲ್ಯುಮಿನಿಯಮ್ಮೇ, ಸೋಡಾದಂಥ ಕ್ಷಾರ ಇರೋ ಕ್ಲೀನರ್ ಅದನ್ನ ತಿಂತದ. ಪೌಡರಿನ ಉಸುಕು, ಹಸಿರು ಸ್ಕ್ರಬ್ಬರ್, ಸ್ಟೀಲ್ ವೂಲ್ ಇವು ಪೇಂಟ್ ಕೆರೀತಾವ, ಕೆಳಗ ತೆಳ್ಳಗ ಅಲ್‌ಕ್ಲ್ಯಾಡ್, ಅಂದ್ರ ಕರೋಶನ್ (ಜಂಗು) ತಡಿಯೋ ಶುದ್ಧ ಅಲ್ಯುಮಿನಿಯಮ್ ಪದರ ಇರ್ತದ ಅದನ್ನೂ ಕೆರೀತಾವ, ಸ್ಟೀಲ್ ವೂಲಿನ ಚೂರು ಅಲ್ಲೇ ಸಿಕ್ಕೊಂಡು ಮಳಿಗಾಲದಾಗ ಕರೋಶನ್ ಚಾಲೂ. ವಿಮಾನಕ್ಕ ಅಂತಲೇ ಸಿಗೋ ನ್ಯೂಟ್ರಲ್ ಪಿಎಚ್ (ಆಸಿಡೂ ಅಲ್ಲ, ಕ್ಷಾರನೂ ಅಲ್ಲ) ಕ್ಲೀನರ್ ತರಿಸ್ರಿ, ಅದಿಲ್ಲಂದ್ರ ಮ್ಯಾನ್ಯುಯಲ್ ಹೇಳೋ ಮೈಲ್ಡ್ ಸಾಬೂನ ನೀರು ಸಾಕು.

ಈಗ ಖರೇ ಮಾತಿಗೆ ಬರ್ತೀನಿ. ಬಕೆಟ್ ಹಿಡಿಯೋ ಮೊದಲು ಕ್ರೀಪರ್ (ಗಾಲಿ ಇರೋ ಹಲಗಿ) ಮ್ಯಾಲ ಮಲಕೊಂಡು ಟಾರ್ಚ್ ಬಿಟ್ಟು ಹೊಟ್ಟಿ ನೋಡ್ರಿ, ಫೋನಿನಾಗ ಫೋಟೋ ಹೊಡ್ಕೋರಿ. ಆ ಹೊಲಸು ಎಲ್ಲಾ ಒಂದೇ ನಮೂನಿ ಇರಂಗಿಲ್ಲ. ಇಂಜಿನ್ ಕೆಳಗಿಂದ ಹಿಂದಕ್ಕ ಹರಿದ ಕಂದು ಕಪ್ಪು ಜಿಡ್ಡು ಬಹಳ ಮಾಡಿ ಬ್ರೀದರ್ ಪೈಪಿಂದು (ಇಂಜಿನ್ ಒಳಗಿನ ಗಾಳಿ ಹೊರಗ ಬಿಡೋ ಪೈಪ್), 8 ಕ್ವಾರ್ಟ್ (ಒಂದು ಕ್ವಾರ್ಟ್ ಸುಮಾರು ಒಂದು ಲೀಟರ್) ಎಣ್ಣಿ ಹಿಡಿಯೋ ಇಂಜಿನಿಗೆ ಪೂರಾ 8 ತುಂಬಿಸಿದ್ರ ಮ್ಯಾಲಿಂದು ಅಲ್ಲಿಂದ ಉಗುಳ್ತದ, ಅದಕ್ಕ ಒಂದು ಪ್ರಮಾಣಕ್ಕ ಗಾಬರಿ ಇಲ್ಲ. ಅದರ ಜೋಡಿ ಬೂದಿ ಬಣ್ಣದ ಮಸಿ ಎಕ್ಸಾಸ್ಟಿಂದು, 100 ಎಲ್‌ಎಲ್ ಅನ್ನೋ ವಿಮಾನದ ಪೆಟ್ರೋಲಿನಾಗ ಸೀಸ ಇರ್ತದ, ಅದಕ್ಕ ಬರೀ ಕೈಲೆ ಮುಟ್ಟಬ್ಯಾಡ್ರಿ, ನೈಟ್ರೈಲ್ ಗ್ಲೌಸ್ ಹಾಕ್ರಿ, ಗ್ಲೌಸ್ ಇದ್ರೂ ಊಟಕ್ಕ ಮೊದಲು ಸಾಬೂನ ಹಚ್ಚಿ ಕೈ ತೊಳೀರಿ. ಚಕ್ರದ ಹತ್ರ, ನೋಸ್ ಗೇರಿನ ಹತ್ರ ಕೆಂಪ ಎಣ್ಣಿ ಕಂಡ್ರ ಅದು ಹೈಡ್ರಾಲಿಕ್, ಬ್ರೇಕ್ ಇಲ್ಲಾ ಓಲಿಯೋ (ಚಕ್ರದ ಶಾಕ್ ಅಬ್ಸಾರ್ಬರ್) ಸೋರ್ಲಿಕತ್ತ್ಯದ. ರೆಕ್ಕಿ ಕೆಳಗ ನೀಲಿ ಕಲಿ ಕಂಡ್ರ ಅದು ಇಂಧನ, ಅರಿವಿ ಕೆಳಗ ಇಡ್ರಿ, ಹೋಗಿ ಹೇಳ್ರಿ. ಇನ್ನೊಂದು ಅದ, ರಿವೆಟ್ಟಿನ ಹಿಂದ ಬಾಲದಂಗ ಕಪ್ಪು ಗೆರಿ. ಗ್ರೀಸಿನಂಗೇ ಕಾಣ್ತದ, ಒರಸಿದ್ರ ಹೋಗ್ತದ, ಆದ್ರ ರಿವೆಟ್ ಸಡಲಾಗಿ ತಗಡು ತಗಡು ತಿಕ್ಕಿ ಬಂದ ಅಲ್ಯುಮಿನಿಯಮ್ ಪುಡಿ ಅದು. ಹಂಗೇ ಕೆಲವು ಮೆಕಾಲೆ ಪ್ರೊಪೆಲರಿನ ಹಬ್ಬಿನಾಗ ಬೇಕಂತಲೇ ಕೆಂಪ ಬಣ್ಣದ ಎಣ್ಣಿ ತುಂಬಿಸಿರ್ತಾರ, ಬಿರುಕು ಬಿಟ್ರ ಹೊರಗ ಬಂದು ಕಾಣಲಿ ಅಂತ. ನೀವು ಶಾಣ್ಯಾರಾಗಿ ಲಕಲಕ ಒರಸಿಬಿಟ್ರ ಇಂಜಿನಿಯರ್ ನೋಡಬೇಕಾದ್ದೇ ಹೋಯ್ತು.

ತೊಳೆಯೋದು ಹಿಂಗ. ಸಾಬೂನ ನೀರು ಕೆಳಗಿಂದ ಮ್ಯಾಲಕ್ಕ ಹಚ್ಚಕೋತ ಹೋಗ್ರಿ, ಮ್ಯಾಲಿಂದ ಸುರಿದ್ರ ಒಣ ಹೊಲಸಿನ ಮ್ಯಾಲ ಇಳದು ಪಟ್ಟಿ ಬೀಳ್ತಾವ. ಸ್ವಲ್ಪ ನೆನಿಲಿ, ಒಣಗಲಿಕ್ಕ ಬಿಡಬ್ಯಾಡ್ರಿ, ಆಮ್ಯಾಲ ಮ್ಯಾಲಿಂದ ಕೆಳಗ ನೀರು ಬಿಟ್ಟು ತೊಳೀರಿ. ಬೈಕ್ ವಾಶಿಂಗಿನಾಗ ಇರೋ ಪ್ರೆಶರ್ ಗನ್ ಬ್ಯಾಡ, ನೀರು ಬೇರಿಂಗಿನಾಗ, ತಗಡಿನ ಸಂದಿನಾಗ ಹೋಗಿ ಕೂಡ್ತದ. ನಮ್ಮ ಬೋರ್ ನೀರು ಗಡಸು, ತಾನೇ ಒಣಗಿದ್ರ ಬೆಳ್ಳಗ ಕಲಿ ಉಳೀತಾವ, ಕೂಡ್ಲೇ ಮೆತ್ತನ್ನ ಅರಿವಿಲೆ ಒರಸ್ರಿ. ತೊಗರಿ ರಾಶಿ ದಿನದಾಗಂತೂ ಧೂಳು ಎಣ್ಣಿ ಮ್ಯಾಲ ಕೂತು ಕರ್ರಗ ಪೇಸ್ಟ್ ಆಗಿರ್ತದ, ಮೊದಲು ಬರೀ ನೀರಿಲೆ ಧೂಳು ಇಳಿಸ್ರಿ, ಇಲ್ಲಂದ್ರ ಅದೇ ಸ್ಯಾಂಡ್ ಪೇಪರ್. ಹೊಟ್ಟಿ ಕೆಳಗ ಟ್ರಾನ್ಸ್‌ಪಾಂಡರ್ (ರೇಡಾರಿಗೆ ಜವಾಬು ಕೊಡೋ ಯಂತ್ರ) ಆಂಟೆನಾ ಇರ್ತದ, ಸಣ್ಣದು, ಹುಷಾರಾಗಿ ಒರಸ್ರಿ, ಮುರದ್ರ ಬಿಲ್ ಸಣ್ಣದಿರಂಗಿಲ್ಲ. ನೀರು ಬಸಿಯೋ ತೂತು ಮುಚ್ಚ್ಯಾವೇನು ಅಂತನೂ ಅಲ್ಲೇ ನೋಡಿಬಿಡ್ರಿ. ಕಣ್ಣಿಗೆ ಗಾಗಲ್ ಇರಲೇಬೇಕು, ಮಲಕೊಂಡಾಗ ಎಲ್ಲಾ ಮುಖದ ಮ್ಯಾಲೇ ಬೀಳ್ತದ.

ತೊಳೆಯೋಕಿಂತ ಮೊದಲು ಪಿಟೋ ಟ್ಯೂಬಿಗೆ ಕವರ್, ಸ್ಟ್ಯಾಟಿಕ್ ಪೋರ್ಟಿಗೆ ಟೇಪ್ ಹಚ್ಚಬೇಕು (ಎತ್ತರ, ವೇಗ ತೋರ್ಸೋ ಮೀಟರಿಗೆ ಗಾಳಿ ಒತ್ತಡ ಮುಟ್ಟಿಸೋ ನಳಿಗಿ, ತೂತು ಇವು), ಟೇಪ್ ಕಣ್ಣಿಗೆ ಹೊಡಿಯೋ ಬಣ್ಣದ್ದೇ ಇರಬೇಕು. ಇದು ನಾ ಸುಮ್ಮ ಅಂಜಿಸ್ಲಿಕ್ಕ ಹೇಳ್ತಿಲ್ಲ. 1996ರ ಅಕ್ಟೋಬರ್ 2ಕ್ಕ ಏರೋಪೆರು ಕಂಪನಿಯ ಬೋಯಿಂಗ್ 757, ಲಿಮಾದಿಂದ ಹಾರ್ತು, ವಿಮಾನ ತೊಳೆದು ಪಾಲಿಶ್ ಮಾಡಿದಾಗ ಸ್ಟ್ಯಾಟಿಕ್ ಪೋರ್ಟಿಗೆ ಹಚ್ಚಿದ್ದ ಟೇಪ್ ತೆಗೆದಿರಲಿಲ್ಲ, ರಾತ್ರಿ ಸಮುದ್ರದ ಮ್ಯಾಲ ಪೈಲಟ್ಟರಿಗೆ ಎತ್ತರ ಎಷ್ಟದ ವೇಗ ಎಷ್ಟದ ಒಂದೂ ಸರಿ ಗೊತ್ತಾಗ್ಲಿಲ್ಲ, 70 ಮಂದಿ ಹೋದ್ರು. ಅಷ್ಟು ದೊಡ್ಡ ವಿಮಾನ, ಒಂದು ತುಂಡು ಟೇಪಿಗೆ. ಎಷ್ಟು ತುಂಡು ಹಚ್ಚೀರಿ ಅಂತ ಕಾಗದದ ಮ್ಯಾಲ ಬರೀರಿ, ತೆಗೆದ ಮ್ಯಾಲ ಲೆಕ್ಕ ಹಾಕ್ರಿ, ಇನ್ನೊಬ್ರ ಕೈಲೆ ನೋಡಿಸ್ರಿ.

ಗಾಜಿನ ಕಡೆ ಸಾಲ್ವೆಂಟ್ ಅರಿವಿ ಒಯ್ಯಲೇಬ್ಯಾಡ್ರಿ, ಅದು ಗಾಜಲ್ಲ, ಅಕ್ರಿಲಿಕ್. ಪೆಟ್ರೋಲ್, ಥಿನ್ನರ್, ಅಸಿಟೋನ್, ಮನಿಯಾಗಿನ ಗ್ಲಾಸ್ ಕ್ಲೀನರ್ ಯಾವುದೇ ತಾಗಿದ್ರೂ ಒಳಗೊಳಗ ಸಣ್ಣ ಬಿರುಕು ಬರ್ತಾವ. ಬರೀ ನೀರು, ಮೆತ್ತನ್ನ ಅರಿವಿ, ಅಷ್ಟೇ. ಬ್ರೇಕ್ ಡಿಸ್ಕಿಗೂ ಟೈರಿಗೂ ಸಾಲ್ವೆಂಟ್ ಹನಿ ಬೀಳಬಾರದು. ಪ್ರೊಪೆಲರ್ ಒರಸೋವಾಗ ಮ್ಯಾಗ್ನೆಟೋ (ಇಂಜಿನಿಗೆ ಕಿಡಿ ಕೊಡೋದು) ಆಫ್ ಅದ ಅಂತ ಖಾತ್ರಿ ಮಾಡ್ಕೊಂಡ್ರೂ ಅದು ಆನ್ ಅದ ಅನ್ಕೊಂಡೇ ಪ್ರೊಪೆಲರ್ ತಿರುಗೋ ಜಾಗದಿಂದ ಮೈ ದೂರ ಇಟ್ಟು ನಿಂದ್ರಿ, ಕೈಲೆ ತಿರುಗಿಸಬ್ಯಾಡ್ರಿ.

ಹಿಂಜ್, ಕಂಟ್ರೋಲ್ ರಾಡ್, ಚಕ್ರದ ಬೇರಿಂಗ್ ಇಲ್ಲಿ ಇರೋ ಗ್ರೀಸ್ ಹೊಲಸಲ್ಲ, ಅದು ಇರಬೇಕಾದ್ದೇ. ಸಾಬೂನ ಅಲ್ಲಿ ಹೋಗಿದ್ರ ಎಎಂಇಗೆ ಹೇಳ್ರಿ, ಲೂಬ್ರಿಕೇಶನ್ ಮತ್ತ ಮಾಡ್ತಾರ, ಬರ್ಕೋತಾರ.

ಇದೆಲ್ಲಾ ಸೆಸ್ನಾದಂಥ ತಗಡಿನ ವಿಮಾನಕ್ಕ ಹೇಳಿದ್ದು. ಡೈಮಂಡ್ ಡಿಎ40 ಥರಾ ಕಾಂಪೋಸಿಟ್ (ಫೈಬರಿಗೆ ರೆಸಿನ್ ಅನ್ನೋ ಅಂಟು ಕೂಡಿಸಿ ಮಾಡಿದ) ಮೈ ಇದ್ರ ಲೆಕ್ಕ ಬ್ಯಾರೆ, ಗಟ್ಟಿ ಸಾಲ್ವೆಂಟ್ ರೆಸಿನ್ನಿಗೇ ಹಾನಿ ಮಾಡ್ತದ, ಅದಕ್ಕ ಸಾಬೂನ ನೀರು ಬಿಟ್ಟು ಯಾವ ಡಬ್ಬಿಗೂ ಕೈ ಹಾಕೋ ಮೊದಲು ಆ ಮಾಡೆಲಿನ ಮೇಂಟೆನೆನ್ಸ್ ಮ್ಯಾನ್ಯುಯಲಿನ 12ನೇ ಚಾಪ್ಟರ್ ತೆಗೆಸಿ ಓದ್ರಿ, ಸರ್ವಿಸಿಂಗ್ ವಿಷಯ ಅಲ್ಲಿರ್ತದ.